ಕೊನೆ ರೀಲಿಗೆ ಬೊಟ್ಟಿರಲ್ಲ

…ಅಲ್ಲ ಕಣೋ ಕಡ್ಡಿ, ಮೂರನೇ ಭಾಗ ಅಂದ್ರೆ ನಮ್ಮ ಕಲ್ಲುದೊರೆ ಸಿನಿಮಾದ್ದು! ನಿನ್ನ ಆಕಾಶದ ಹಡಗಿನದೂ ಒಂದು ಕ್ಲೈಮ್ಯಾಕ್ಸಾ? ಥೂ! ಮೂವತ್ತು ವರ್ಷದಿಂದ ಬಡ್ಕೋತಾ ಇದೀನಿ, ನಿನ್ನ ತಲೆಗೆ ಹೋಗಲ್ಲ. ಟಾಕೀಸಿನ ಇದೇ ಪ್ರೊಜೆಕ್ಟರ್ ಕ್ಯಾಬಿನ್ನಲ್ಲಿ, ಇದೇ ಎರಡು ಮಿಷನ್ನಿನ ಮಧ್ಯೆ ನಿಂತು ಇಬ್ಬರೂ ಪಿಕ್ಚರ್ ಓಡಿಸಿದ್ದು. ನೀನು ಒಂದನೇ ಮಿಷನ್ನು, ನಾನು ಎರಡನೇದು. ಈಗ ನೋಡು, ಕೆಳಗೆ ಸೀಟು ಕಿತ್ತು ಹಾಸಿಗೆ ಗೋಡೌನು ಮಾಡಿದಾರೆ, ನೀನು ಅದರ ಕಾವಲುಗಾರ. ಅವತ್ತೂ ಜನ ಇಲ್ಲಿ ಮಲಗ್ತಾ ಇದ್ರು ಬಿಡು, ನಿನ್ನ ಹಡಗಿನ ಪಿಕ್ಚರ್ ಬಂದಾಗ!

ಹಾಂ, ನಗು ನಗು. ಎಷ್ಟು ದಿನ ಆಗಿತ್ತೋ ನಿನ್ನ ಆ ಸೊಟ್ಟ ಹಲ್ಲು ನೋಡಿ.

ಕೆಮ್ಮಾ? ಇದೆಲ್ಲ ನಿನ್ನ ಗೋಡೌನಿನ ಹತ್ತಿ ಧೂಳು. ನಲವತ್ತೆರಡು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಬಂದೆ, ಗೊತ್ತಾ? ಸರಿ ಬಿಡು, ಎರಡು ಸಲ ನಿಂತೆ. ಕಂಬಿ ತುಕ್ಕು ಹಿಡಿದಿದ್ಯಾ ಅಂತ ನೋಡೋಕೆ.

ಮಾತು ಮರೆಸಬೇಡ. ಈ ಕವರ್ ತಗೋ. ಬಿಚ್ಚು. ಎಕ್ಸ್‌ರೇ ಕಣೋ, ಭಾಮೈದಂದು. ಆಸ್ಪತ್ರೇಲಿ ಎದೆ ಫಿಲ್ಮು ತೆಗೆಸಿಕೊಂಡಿದಾನೆ. ಮೇಲೆ ಬಲಮೂಲೆ ಹತ್ರ, ಫಿಲ್ಮಲ್ಲಿ ಬಲ ಅಂದ್ರೆ ಮೈಗೆ ಎಡ ಅಂತೆ, ಏನೋ ಬಿಳೀ ಬೊಟ್ಟು ಕಾಣುತ್ತಂತೆ. ಡಾಕ್ಟ್ರು ಮುಖ ಸಣ್ಣ ಮಾಡ್ಕೊಂಡು, ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರಂತೆ. ಈ ಮಳೆಗಾಲ ಕಳೆದ್ರೆ ಹೆಚ್ಚು ಅನ್ನೋ ಹಾಗೆ ಮಾತಾಡಿದ್ರಂತೆ. ನಾನಂದೆ, ಲೋ ತಡಿ, ಡಾಕ್ಟ್ರು ರೋಗ ಓದಿರಬಹುದು, ಫಿಲ್ಮು ಓದೋಕೆ ನಮ್ಮ ಕಡ್ಡಿ ಇದಾನೆ! ಗೀರು ಯಾವುದು, ಧೂಳು ಯಾವುದು, ತೊಳೆಯುವಾಗ ಬಿದ್ದ ಕಲೆ ಯಾವುದು… ಅವನು ಬೆಳಕಿಗೆ ಹಿಡಿದು ಒಂದು ಮಾತು ಹೇಳಿದ್ರೆ ಮುಗೀತು ಅಂದೆ. ಅಷ್ಟೇ. ನೋಡಿ, ತೊಳೆದವನ ತಪ್ಪು ಇದು, ಕಲೆ, ಅಂತ ಹೇಳಿಬಿಡು. ಅವನಿಗೂ ನೆಮ್ಮದಿ, ನನಗೂ… ಅಂದ್ರೆ ನನ್ನ ಹೆಂಡತಿಗೂ ನೆಮ್ಮದಿ. ತಮ್ಮ ಅಲ್ವಾ.

ಯಾವ ಭಾಮೈದ ಅಂದ್ರೆ? ಮೂರನೆಯವನು. ಇಬ್ಬರೇ ಅಂತ ಯಾರು ಹೇಳಿದ್ರು ನಿನಗೆ? ನನ್ನ ಮದುವೇಲಿ ಊಟಕ್ಕೆ ಕೂತಿದ್ದೋನು ನೀನು, ಎಲೆ ಬಿಟ್ಟು ತಲೆ ಎತ್ತಿದ್ರೆ ತಾನೇ ಭಾಮೈದಂದಿರು ಕಾಣೋದು!

ಆ ಕೆಳಗಿನ ಮೂಲೇನಾ… ಅಲ್ಲಿ ಹೆಸರು ಬರೆದಿತ್ತು, ಇಲಿ ಕಡೀತು. ಯಾಕೆ ಹಾಗೆ ಬೆರಳು ಸವರ್ತೀಯ? ನೆಟ್ಟಗೆ ಕಡಿಯೋ ಇಲಿ ಇರಬಾರದಾ? ನಮ್ಮನೇ ಇಲಿಗೆ ಶಿಸ್ತು ಜಾಸ್ತಿ! ರೀಲು ಬಿಡಬೇಡ ಅಂತೀಯ? ರೀಲು ಬಿಟ್ಟೇ ಅನ್ನ ತಿಂದೋನು ನಾನು. ಸುಮ್ನೆ ನೋಡು. ಕಿಟಕಿಗೆ ಹಿಡಿ, ಇರೋದು ಅದೊಂದೇ ಗೂಡುಕಿಟಕಿ. ಆಹಾ, ಕಿಟಕಿಗೆ ಅಳತೆ ತೆಗೆದ ಹಾಗೆ ಕೂತುಬಿಡ್ತಲ್ಲೋ! ಕತ್ತಲಾಯ್ತು ನೋಡು ಕ್ಯಾಬಿನ್ನು. ಶೋ ಶುರು!

ನೀನು ನಿಧಾನಕ್ಕೆ ನೋಡು, ಅಲ್ಲೀವರೆಗೆ ನಮ್ಮ ನ್ಯಾಯ ತೀರಿಸೋಣ. ಕಲ್ಲುದೊರೆ. ಮೊದಲ ಭಾಗದಲ್ಲಿ ಊರಿಗೆ ಊರೇ ಕಲ್ಲಾಯ್ತು. ಎರಡನೇ ಭಾಗದಲ್ಲಿ ಆ ಕುರಿ ಕಾಯೋ ಹುಡುಗಿ ಬೆಟ್ಟ ಹತ್ತಿದಳು. ಮೂರನೇದರಲ್ಲಿ? ಅಬ್ಬಬ್ಬಬ್ಬ! ದೊರೆ ಎದೆಗೆ ಒಂದೇ ಏಟು! ಬಿರುಕು ಬಿಟ್ಟಿತು ನೋಡು… ಕಲ್ಲಾದವರು ಒಬ್ಬೊಬ್ಬರೇ ಕಣ್ಣು ಬಿಡ್ತಾರೆ. ಅಜ್ಜಿ ಏಳ್ತಾಳೆ, ನಾಯಿ ಏಳುತ್ತೆ, ತೊಟ್ಟಿಲ ಮಗು ಅಳುತ್ತೆ. ಎಲ್ಲರೂ ಮನೆ ಸೇರ್ತಾರೆ! ಮುಗೀತು ಅಂತ ಜನ ಚಪ್ಪಲಿ ಹುಡುಕ್ತಾರೆ, ಇಲ್ಲ, ಇನ್ನೊಂದು ಮನೆ ಬಾಗಿಲು ತೆಗೆಯುತ್ತೆ! ಮತ್ತೆ ಇನ್ನೊಂದು! ಐದು ಸಲ ಮುಗಿಯುತ್ತೆ ಕಣೋ ಆ ಪಿಕ್ಚರು. ನೀನು ಎಳೆದಾಟ ಅಂತಿದ್ದೆ. ಎಳೆದಾಟ ಏನು ಬಂತು? ಮುಗಿಯೋಕೆ ಮನಸ್ಸಿಲ್ಲದ್ದು ಮುಗಿಯಬಾರದಪ್ಪ!

ನಿನ್ನದು ಏನು? ಮೂರು ಭಾಗ ಆಕಾಶ ಸುತ್ತಿ, ಕೊನೆಗೆ ಆರಿಹೋಗೋ ಸೂರ್ಯನಿಗೆ ಕಿಡಿ ಹಾಕಬೇಕು. ಆ ಕ್ಯಾಪ್ಟನ್ ಹೆಂಗಸು ಎಲ್ಲರನ್ನೂ ಮನೆಗೆ ಕಳಿಸಿ ತಾನೊಬ್ಬಳೇ ಹಡಗಲ್ಲಿ ಉಳೀತಾಳೆ. ಹಡಗು ಚಿಕ್ಕದಾಗುತ್ತೆ… ಇನ್ನೂ ಚಿಕ್ಕದು… ಬೊಟ್ಟಷ್ಟು… ಇಲ್ಲ. ಅಷ್ಟೇ! ವಾಪಸ್ ಬಂದಳಾ, ಸತ್ತಳಾ, ಏನೂ ಹೇಳಲ್ಲ. ಅದರ ಮೇಲೆ ನಿನ್ನ ದೊಡ್ಡಸ್ತಿಕೆ ಬೇರೆ! ಪಿಕ್ಚರ್ ಮುಗಿದ್ರೂ ಹಾಲ್ ಲೈಟು ಹಾಕ್ತಿರಲಿಲ್ಲ ನೀನು. ಕತ್ತಲಲ್ಲಿ ಹತ್ತು ಎಣಿಸ್ತಿದ್ದೆ. ಎಂಟುನೂರು ಜನ ಉಸಿರು ಬಿಗಿಹಿಡಿದು ಕೂತಿರೋರು. ನಾನು ಸ್ವಿಚ್ಚಿಗೆ ಕೈ ಹಾಕಿದ್ರೆ ಕೈ ಮೇಲೆ ಹೊಡೀತಿದ್ದೆ. ಯಾಕೋ ಅಂದ್ರೆ, ‘ಅವರ ಮುಖ ಅವರು ಒರೆಸ್ಕೊಳ್ಳಲಿ ಬಿಡು’ ಅಂತಿದ್ದೆ.

ಇರಲಿ. ಎರಡನ್ನೂ ಒಂದು ಮಾಡಿದ ಗಂಡು ಯಾರು? ನಾನು! ಅವತ್ತು ಇಲ್ಲಿ ಕಲ್ಲುದೊರೆ, ಪೇಟೆ ಆಚೆ ಟಾಕೀಸಲ್ಲಿ ಹಡಗು. ಎರಡು ಪಿಕ್ಚರಿನ ಡಬ್ಬಿಗಳೂ ಬಂದು ಇಳೀತಿದ್ದದ್ದು ಅಲ್ಲೇ, ನಮ್ಮ ಕೊನೆ ರೀಲು ತರೋಕೆ ಸೈಕಲ್ ಹತ್ತಿದೆ. ಡಬ್ಬಿ ಅದಲು ಬದಲಾಯ್ತು… ಹಾಂ ಸರಿ, ಓದೋಕೆ ಬರ್ತಿರಲಿಲ್ಲ, ಈಗಲೂ ಬರಲ್ಲ, ಅದನ್ನ ಊರಿಗೆಲ್ಲ ಡಂಗುರ ಹೊಡಿ! ಆದ್ರೆ ಏನಾಯ್ತು? ಹುಡುಗಿ ಸುತ್ತಿಗೆ ಎತ್ತಿದಳು, ಮುಂದಿನ ರೀಲು ಬಂತು, ಆಕಾಶದಿಂದ ಹಡಗು ಭರ್ರಂತ ಬಂದು ಕಲ್ಲುದೊರೆ ಎದೆಗೇ ನುಗ್ಗಿದ ಹಾಗಾಯ್ತು! ಜನ ಎದ್ದು ನಿಂತು ಶಿಳ್ಳೆ ಹೊಡೆದ್ರು! ಮಾಲೀಕರು ಅತ್ತುಬಿಟ್ರು! ಸಂತೋಷಕ್ಕಲ್ಲ ಅಂತೀಯ? ಕಣ್ಣೀರು ಕಣ್ಣೀರೇ ಬಿಡಪ್ಪ.

ಸರಿಯಾದ ಡಬ್ಬಿ ತರೋಕೆ ಮತ್ತೆ ಓಡಿದೆನಲ್ಲ, ಆಗಲೇ ಲಾರಿ ಅಡ್ಡ ಬಂದದ್ದು. ಸೈಕಲ್ ಸಮೇತ ಲಾರಿ ಮೇಲಿಂದ ಹಾರಿದೆ! ಸರಿ, ಪಕ್ಕದಿಂದ. ಎಡ ಹೆಗಲ ಮೂಳೆ ಲಟಕ್ ಅಂತು. ಆದ್ರೂ ರೀಲು ನೆಲಕ್ಕೆ ಬಿಡಲಿಲ್ಲ ನೋಡು! ಮೆಟ್ಟಿಲು ಹತ್ತಿ ಬಂದು ನಿನ್ನ ಕೈಗೆ ಕೊಟ್ಟೇ ಬಿದ್ದದ್ದು. ಬಟ್ಟೆ ಸಿಗದೆ ಖಾಲಿ ಫಿಲ್ಮಿನ ಪಟ್ಟಿ ಸುತ್ತಿ ಕಟ್ಟಿದ್ಯಲ್ಲೋ, ಪುಣ್ಯಾತ್ಮ! ಆಟ ಬಿಟ್ಟು ಆಸ್ಪತ್ರೆಗೆ ಹೋಗೋದಾದ್ರೂ ಹೇಗೆ? ಮೂರು ಶೋ ಹಾಗೇ ನಿಂತೆ. ಮೂಳೆ ಕೂಡ್ಕೊಂಡಿತು, ಒಂಟೆ ಬೆನ್ನಿನ ಹಾಗೆ, ಗುಬುಟಾಗಿ. ಇವತ್ತಿಗೂ ಅಂಗಿ ಆ ಕಡೆ…

ಏನು? ಸಿಕ್ತಾ ಬೊಟ್ಟು?

ಹಾಂ… ಅದೇ. ಉಗುರಲ್ಲಿ ಕೆರೆದು ನೋಡು. ಮೆಲ್ಲಗೆ. ಎಂಜಲು ಹಚ್ಚಿ ಉಜ್ಜು, ಧೂಳಾದ್ರೆ ಹೋಗುತ್ತೆ. ಹೋಯ್ತಾ? ಹಿಂದಿನಿಂದ ಉಜ್ಜು. ಇನ್ನೊಂದು ಸಲ…

ಹೋಗಲ್ವಾ.

ಸರಿ, ಹೋಗದೇ ಇದ್ರೆ ಏನೀಗ? ಕೇಳಿಲ್ಲಿ, ರಾತ್ರಿಯೆಲ್ಲ ಯೋಚಿಸಿದೀನಿ. ಬೊಟ್ಟು ಎಲ್ಲಿದೆ? ಮೇಲೆ, ಬಲಮೂಲೇಲಿ! ರೀಲು ಮುಗಿಯೋ ಮುಂಚೆ ಪರದೆ ಮೇಲೆ ನಮ್ಮ ಬೊಟ್ಟು ಎಲ್ಲಿ ಬರ್ತಿತ್ತು? ಅಲ್ಲೇ! ಮೊದಲ ಬೊಟ್ಟು ಕಂಡ್ರೆ ಎರಡನೇ ಮಿಷನ್ನು ಚಾಲೂ ಮಾಡು, ಎರಡನೇದು ಕಂಡ್ರೆ ಬೆಳಕು ಬದಲಾಯಿಸು. ಬೊಟ್ಟು ಇದೆ ಅಂದ್ರೆ ಏನರ್ಥ? ಇನ್ನೊಂದು ರೀಲು ಇದೆ ಅಂತ! ಕೊನೆ ರೀಲಿಗೆ ಬೊಟ್ಟಿರಲ್ಲ. ಮೊದಲ ದಿನ ಕಿವಿ ಹಿಂಡಿ ಹೇಳ್ಕೊಟ್ಟಿದ್ದೇ ನೀನು! ಅಂದ್ಮೇಲೆ ಭಾಮೈದಂಗೆ… ಏನೋ, ಆ ಕಡೆ ತಿರುಗಿದೆ? ಹೌದು ಅನ್ನೋ. ಇಷ್ಟು ವರ್ಷಕ್ಕೆ ಒಂದು ಸಲ ನೀನೂ ಒಂದು ರೀಲು ಬಿಡೋ! ನಾನೇನು ಕೇಳಿದೆ ನಿನ್ನ? ಒಂದು ಸುಳ್ಳು. ಕಲೆ ಅನ್ನು. ಅಷ್ಟೇ.

ಬೆರಳು ಎಲ್ಲಿಗೆ ಹೋಗ್ತಿದೆ? ಬೊಟ್ಟು ಅದಕ್ಕಿಂತ ಚೂರು ಕೆಳಗಿದೆ ಕಣೋ. ಅದು ಬರೀ ಹೆಗಲ ಮೂಳೆ. ಅದನ್ನ ಯಾಕೆ ಸವರ್ತೀಯ…

ಅದು… ಭಾಮೈದನೂ ಒಂದು ಸಲ ಸೈಕಲ್‌ನಿಂದ…

ಕಡ್ಡಿ.

ಬೈಯೋ. ಏನಾದ್ರೂ ಅನ್ನೋ. ಇಲಿ ಅಂತ ನಗೋ.

…

ನನ್ನ ಹೆಸರು ನಾನೇ ಕತ್ತರಿಸಿದೆ ಕಣೋ. ಫಿಲ್ಮು ಕತ್ತರಿಸೋದ್ರಲ್ಲಿ ನನ್ನ ಮೀರಿಸಿದೋರಿಲ್ಲ. ಆದ್ರೆ ಆ ಗುಬುಟು… ನೀನು ಕಟ್ಟಿದ್ದು ನಿನಗೆ ಗುರುತು ಸಿಗದೇ ಇರುತ್ತಾ. ಎಂಥ ಪೆದ್ದ ನಾನು. ಮನೇಲಿ ಹೇಳಿಲ್ಲ. ಅವಳು ಬಾಗಿಲಲ್ಲಿ ಕೂತಿರ್ತಾಳೆ, ಡಾಕ್ಟ್ರು ಏನಂದ್ರು ಅಂತ ಕೇಳ್ತಾಳೆ. ಕಡ್ಡಿ ಕಲೆ ಅಂದ ಅಂತ ಹೇಳೋಣ ಅಂದ್ಕೊಂಡಿದ್ದೆ.

ಸರಿ ಬಿಡು. ನಿನ್ನದೇ ಗೆದ್ದಿತು. ಹಡಗಿನದೇ ಸರಿಯಾದ ಕ್ಲೈಮ್ಯಾಕ್ಸು. ಚಿಕ್ಕದಾಗುತ್ತೆ, ಚಿಕ್ಕದಾಗುತ್ತೆ, ಇಲ್ಲ.

ಏಯ್, ಇಳಿಸಬೇಡ! ಆ ಫಿಲ್ಮು ಕಿಟಕಿಯಿಂದ ಇಳಿಸಬೇಡ ಕಣೋ, ಬೆಳಕು ಮುಖಕ್ಕೆ ಬೀಳುತ್ತೆ. ಹಾಗೇ ಹಿಡ್ಕೊಂಡಿರು. ಹತ್ತು ಎಣಿಸು…

ಮೆಲ್ಲಗೆ ಎಣಿಸೋ.