ಹದಿನಾಲ್ಕನೇ ಗಾಡಿಯಲ್ಲಿದ್ದ ನನ್ನ ತಂಗಿಯ ಬಗ್ಗೆ

ಹೆಸರು: ಆರ್ಡೆಲ್ ಹಾಫ್‌ಸ್ಟಾಡ್, ಗಂಡ ದಿವಂಗತ ಓರ್ವಿಲ್ ಹಾಫ್‌ಸ್ಟಾಡ್. ವಯಸ್ಸು: 69 ವರ್ಷ. ಕಸುಬು: ಒಕ್ಕಲುತನ, ಗಾಡಿ ಕುದುರೆಗಳನ್ನು ಪಳಗಿಸುವುದು. ವಾಸ: ಎಲ್ಸ್‌ಬರ್ಗ್ ಊರಿನಿಂದ ಆರು ಮೈಲಿ ಉತ್ತರಕ್ಕೆ, ಟಾಲ್‌ಬರ್ಗ್ ಕೌಂಟಿ, ಸೌತ್ ಡಕೋಟ.

ನಾನು ಸ್ವಇಚ್ಛೆಯಿಂದ ಬಂದು ಬರೆಸುತ್ತಿರುವುದು ಹೀಗಿದೆ:

ಇಂದು ಸಂಜೆ 7 ಗಂಟೆ 20 ನಿಮಿಷವಾದರೂ ನನ್ನ ತಂಗಿ ಲವೋನ್ ಶಾಟ್ಸ್, ವಯಸ್ಸು 63, ಸಿಕ್ಕಿಲ್ಲ. ಅವಳು ಕೂತಿದ್ದ ಗಾಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವ ಜಾಗ 4 ಗಂಟೆ 20 ನಿಮಿಷಕ್ಕೆ ಪತ್ತೆಯಾಯಿತು. ಗಾಡಿಯೊಳಗೆ ಯಾರೂ ಇಲ್ಲ ಎಂದು ಮುಳುಗುಗಾರರು 6 ಗಂಟೆಗೆ ತಿಳಿಸಿದರು. ಹುಡುಕಾಟ ಈಗಲೂ ನೀರಿನಲ್ಲೇ ನಡೆದಿದೆ. ಅವಳು ನೀರಿನವರೆಗೆ ಹೋಗಿಲ್ಲವೆಂದು 7 ಗಂಟೆ 5 ನಿಮಿಷಕ್ಕೆ ಕೌಂಟಿ ಪೊಲೀಸ್ ಡೆಪ್ಯುಟಿ ಹಾಲ್ವೊರ್‌ಸನ್ ಅವರಿಗೆ ಹೇಳಿದವಳು ನಾನು.

ಕ್ಯಾನ್ಸರ್ ರೋಗಿಗಳನ್ನು 140 ಮೈಲಿ ದೂರದ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿಗೆ ಹಣ ಕೂಡಿಸಲು ನಮ್ಮ ಕಡೆಯವರು ಪ್ರತಿ ಜೂನ್‌ನಲ್ಲಿ ಐದು ದಿನ ಕುದುರೆ ಗಾಡಿಗಳ ಯಾತ್ರೆ ಹೊರಡಿಸುತ್ತಾರೆ. ಈ ಸಲ ಹದಿನಾಲ್ಕು ಗಾಡಿಗಳಿದ್ದವು, ಜೊತೆಗೆ ಕುದುರೆ ಸವಾರರೂ ಇದ್ದರು. ಇಂದು ನಾಲ್ಕನೆಯ ದಿನ. ಹದಿನಾಲ್ಕನೇ ಗಾಡಿ ಲವೋನ್‌ಳ ಗಂಡ ವೆಂಡೆಲಿನ್ ಶಾಟ್ಸ್‌ನದು. ನಾನೂ ಅದರಲ್ಲೇ ಬರುತ್ತಿದ್ದೆ. ಅದಕ್ಕೆ ಡೈನಾ ಮತ್ತು ಟ್ರೂಡಿ ಎಂಬ ಎರಡು ಕಪ್ಪು ಪರ್ಶೆರಾನ್ ತಳಿಯ ಹೆಣ್ಣುಕುದುರೆಗಳನ್ನು ಹೂಡಿತ್ತು. ಡೈನಾ ಹಳೆಯದು. ಟ್ರೂಡಿಗೆ ಇದು ಮೊದಲ ಯಾತ್ರೆ. ಹೊಸ ಕುದುರೆಯ ಗಾಡಿ ಸಾಲಿನ ಕೊನೆಗೆ ಇರಬೇಕೆಂಬುದು ನಮ್ಮಲ್ಲಿ ಪದ್ಧತಿ. ಆದ್ದರಿಂದ ನಮ್ಮ ಹಿಂದೆ ಯಾರೂ ಇರಲಿಲ್ಲ.

ಬೆಳಿಗ್ಗೆ 7 ಗಂಟೆಗೆ ಎಲ್ಲರನ್ನೂ ನಿಲ್ಲಿಸಿ ನಿಯಮಗಳನ್ನು ಹೇಳಿದವಳು ನಾನೇ. ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದೇನೆ. ಮೊದಲು ಗಾಡಿಯ ಸರಪಳಿಗಳನ್ನು ಕಳಚಬೇಕು, ಆಮೇಲೆ ಕಡಿವಾಣ ತೆಗೆಯಬೇಕು. ಕಡಿವಾಣದ ಜೊತೆ ಕಣ್ಣುಪಟ್ಟಿಯೂ ಬರುತ್ತದೆ. ಕಣ್ಣುಪಟ್ಟಿ ಇರುವ ತನಕ ಕುದುರೆಗೆ ತನ್ನ ಬೆನ್ನ ಹಿಂದೆ ಏನಿದೆಯೆಂದು ಕಾಣುವುದಿಲ್ಲ.

11 ಗಂಟೆಯಿಂದ ಟ್ರೂಡಿ ತಲೆ ಕೊಡವುತ್ತಿತ್ತು. 12 ಗಂಟೆ 15 ನಿಮಿಷಕ್ಕೆ ಚರ್ಚಿನ ಬಳಿ ಊಟಕ್ಕೆ ನಿಂತಾಗ ನೀರು ಮುಟ್ಟಲಿಲ್ಲ. ಡೈನಾ ಎರಡು ಬಕೆಟ್ ಕುಡಿಯಿತು. ಟ್ರೂಡಿಯ ಬಲಗಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಇದು ಸರಿಯಿಲ್ಲ, ಇವತ್ತು ಇದನ್ನ ಬಿಚ್ಚಿ ಟ್ರಕ್ಕಿಗೆ ಹತ್ತಿಸಿಬಿಡು ಎಂದು ನಾನು ವೆಂಡೆಲಿನ್‌ಗೆ ಹೇಳಿದೆ. ಲವೋನ್ ರೂಬಾರ್ಬ್ ಕುಖೆನ್ ಎಂಬ ಕೇಕು ಹಂಚುತ್ತಿದ್ದಳು. ಅಕ್ಕ ಕುದುರೆಗಾದ್ರೆ ಡಾಕ್ಟರನ್ನ ಕರೀತಾಳೆ, ನನ್ ಮಂಡಿ ನೋವಿಗೆ ಮಾತ್ರ ನಡಿ ನಡಿ ಅಂತಾಳೆ ಎಂದು ಅವಳು ಅಲ್ಲಿದ್ದವರಿಗೆಲ್ಲ ಹೇಳಿ ನಗಿಸಿದಳು. ಸಂಜೆ ತನಕ ನೋಡೋಣ ಅತ್ತಿಗೆ ಎಂದು ವೆಂಡೆಲಿನ್ ಹೇಳಿದ.

1 ಗಂಟೆ 10 ನಿಮಿಷಕ್ಕೆ ಹೊರಟೆವು. ದಕ್ಷಿಣದ ಗಾಳಿ ಜೋರಾಗಿತ್ತು. ಗಾಡಿಯ ಬಿಳಿ ಕ್ಯಾನ್ವಾಸ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಲವೋನ್‌ಗೆ ಕಿವಿ ಕೇಳಿಸುವುದಿಲ್ಲ, ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾಳೆ. ಗಾಳಿ ಒಳಗೆಲ್ಲ ಊಳಿಡ್ತಿದೆ, ಇಟ್ಕೊಳೇ ಇವನ್ನ, ನಿಮ್ ಹರಟೆ ಕೇಳದಿದ್ರೆ ನಂಗೇನೂ ನಷ್ಟ ಇಲ್ಲ ಎಂದು ಅವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅವಳು ಗಾಡಿಯ ಹಿಂಬದಿಗೆ ಹೋಗಿ ಕಾಲು ಚಾಚಿ, ಹಿಂದಕ್ಕೆ ಮುಖ ಮಾಡಿ ಕೂತಳು.

2 ಗಂಟೆ 35 ನಿಮಿಷಕ್ಕೆ ಹಿನ್ನೀರಿನ ಮೇಲಿನ ದಿಬ್ಬದಲ್ಲಿ ಸಾಲು ನಿಂತಿತು. ಅಲ್ಲಿಂದ ನೀರಿಗೆ ಸುಮಾರು 2,100 ಅಡಿ, ಪೂರಾ ಇಳಿಜಾರು. ವೆಂಡೆಲಿನ್ ಲಗಾಮನ್ನು ಬ್ರೇಕಿನ ಹಿಡಿಗೆ ಸುತ್ತಿ, ಯಾತ್ರೆಯ ಯಜಮಾನನ ಹತ್ತಿರ ಟ್ರಕ್ಕು ಕೇಳಲು ಮೊದಲನೇ ಗಾಡಿಗೆ ಹೋದ. ತಲೆ ಹತ್ರ ನಿಂತ್ಕೋ ಅತ್ತಿಗೆ, ಏನೂ ಬಿಚ್ಬೇಡ ಎಂದು ಹೇಳಿದ. ನಿನ್ ಮೀಸೆ ಮೂಡೋಕ್ ಮುಂಚೆ ಲಗಾಮು ಹಿಡಿದೋಳು ನಾನು, ನಂಗೆ ಪಾಠ ಹೇಳ್ಬೇಡಪ್ಪಾ ಎಂದು ನಾನು ಹೇಳಿದೆ. ಅವನು ನಗಲಿಲ್ಲ.

ನಾನು ಟ್ರೂಡಿಯ ಕಣ್ಣುಪಟ್ಟಿಯನ್ನು ಬೆರಳಿನಿಂದ ಸರಿಸಿ ನೋಡಿದೆ. ಹುಲ್ಲಿನ ತೆನೆಯ ಒಂದು ಮುಳ್ಳು ರೆಪ್ಪೆಯೊಳಗೆ ಅರ್ಧ ಹೊಕ್ಕಿತ್ತು. ಬೆರಳಿಗೆ ಸಿಗಲಿಲ್ಲ. ಇನ್ನು ಹತ್ತು ಸೆಕೆಂಡಿನ ಕೆಲಸ ಎಂದುಕೊಂಡೆ. 2 ಗಂಟೆ 48 ನಿಮಿಷಕ್ಕೆ ಕಡಿವಾಣದ ಬಕಲ್ ಬಿಚ್ಚಿ ತಲೆಯಿಂದ ಹಿಂದಕ್ಕೆ ಎಳೆದೆ. ಸರಪಳಿಗಳು ನಾಲ್ಕೂ ಗಾಡಿಗೆ ಬಿಗಿದೇ ಇದ್ದವು. ಮುಳ್ಳು ತೆಗೆದೆ. ಅದು ನನ್ನ ಬೆರಳಲ್ಲಿತ್ತು. ಟ್ರೂಡಿ ತಲೆ ತಿರುಗಿಸಿ ಬೆನ್ನ ಹಿಂದೆ ಬಡಿದುಕೊಳ್ಳುತ್ತಿದ್ದ ಬಿಳಿ ಕ್ಯಾನ್ವಾಸನ್ನು ನೋಡಿತು.

ಅದು ಹಾರಿದ ರಭಸಕ್ಕೆ ಮೂಕಿ ತಗುಲಿ ನಾನು ಬಿದ್ದೆ. ಎಡ ಮಣಿಕಟ್ಟು ಮುರಿಯಿತು. ಎರಡೂ ಕುದುರೆಗಳು ಗಾಡಿ ಎಳೆದುಕೊಂಡು ಇಳಿಜಾರಿಗೆ ನುಗ್ಗಿದವು. ಬ್ರೇಕ್ ಹಾಕೇ, ಬ್ರೇಕ್ ಹಾಕೇ ಎಂದು ಮೂರು ಸಲ ಕೂಗಿದೆ. ಲವೋನ್ ನನ್ನ ಕಡೆಯೇ ನೋಡುತ್ತಿದ್ದಳು. ಸಾಲು ಹೊರಟಿತೆಂದುಕೊಂಡಿರಬೇಕು. ನನ್ನನ್ನು ನೋಡಿ ಕೈ ಬೀಸಿದಳು.

ನಾನು ಬಿದ್ದ ಜಾಗದಿಂದ ಸುಮಾರು 1,300 ಅಡಿ ಕೆಳಗೆ ಒಂದು ಒಣ ಹಳ್ಳವಿದೆ. ಎದೆಮಟ್ಟ ಹುಲ್ಲು. ಗಾಡಿ ಅದರೊಳಗೆ ಇಳಿದಾಗ ಅವಳು ಹಿಂಬದಿಯಲ್ಲಿ ಕೂತಿದ್ದಳು. ಆಚೆ ದಡಕ್ಕೆ ಏರಿದಾಗ ಹಿಂಬದಿ ಖಾಲಿಯಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಾದ ಮೇಲೆ ಗಾಡಿ ಮುಳ್ಳುತಂತಿ ಬೇಲಿ ಮುರಿದು 22 ಅಡಿ ಎತ್ತರದ ದಡದಿಂದ ನೀರಿಗೆ ಬಿತ್ತು. ಮುಂದಿನ ಗಾಡಿಯವರೆಲ್ಲ ನೆರಳಿಗೆಂದು ರಸ್ತೆಯ ಆಚೆ ಬದಿಗೆ ಹೋಗಿದ್ದರು. ಕೂಗು ಕೇಳಿ ಓಡಿ ಬಂದವರು ನೋಡಿದ್ದು ಗಾಡಿ ಬೀಳುವುದನ್ನು ಮಾತ್ರ. ಸವಾರರು ರಸ್ತೆ ಹಿಡಿದು ಅಣೆಕಟ್ಟಿನ ಕಡೆಯಿಂದ ನೀರಿಗೆ ಇಳಿದರು. ಹಳ್ಳದ ಕಡೆ ಯಾರೂ ಹೋಗಿಲ್ಲ.

ಡೈನಾ ಬದುಕಿದೆ. ಟ್ರೂಡಿ ಸರಪಳಿಯಲ್ಲೇ ಸತ್ತಿದೆ.

4 ಗಂಟೆಯವರೆಗೆ ನನ್ನ ಕೈಗೆ ಪಟ್ಟಿ ಕಟ್ಟುತ್ತಿದ್ದರು. 5 ಗಂಟೆಗೆ ವೆಂಡೆಲಿನ್ ಡೆಪ್ಯುಟಿಯವರ ಮುಂದೆ, ಕಡಿವಾಣ ತೆಗೆದವನು ತಾನು, ಹೆಂಡತಿ ಗಾಡಿಯೊಳಗೇ ನೀರಿಗೆ ಬಿದ್ದಳು ಎಂದು ಹೇಳಿಕೆ ಕೊಟ್ಟ. ಎರಡೂ ನಿಜವಲ್ಲ. ಅವನು ಅಲ್ಲಿರಲಿಲ್ಲ. 5 ಗಂಟೆ 40 ನಿಮಿಷಕ್ಕೆ ಆಂಬುಲೆನ್ಸ್ ಹತ್ತಿರ ಬಂದು, ಲಗಾಮು ಯಾರದೋ ಹೊಣೆನೂ ಅವನದೇ, ನಮ್ಮಪ್ಪನ ಕಾಲದಿಂದ ಹಂಗೇ, ನೀನು ಬಾಯಿ ಬಿಡ್ಬೇಡ ಅತ್ತಿಗೆ, ಅವಳು ಸಿಕ್ಕಿದ್ಮೇಲೆ ಮಾತಾಡೋಣ ಎಂದು ಹೇಳಿದ. ನಾನು ಹೂಂ ಎಂದೆ.

ಹಳ್ಳದ ವಿಷಯ ಹೇಳಬೇಕಾದರೆ ಆಗ ನಾನು ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆದ್ದರಿಂದ ಮೊದಲಿನಿಂದಲೂ ಹೇಳಲಿಲ್ಲ. ಗಾಡಿ ಖಾಲಿ ಎಂದು 6 ಗಂಟೆಗೆ ಗೊತ್ತಾದ ಮೇಲೂ ಹೇಳಲಿಲ್ಲ. 7 ಗಂಟೆಗೆ ದೋಣಿಯವರು ಧ್ವನಿವರ್ಧಕದಲ್ಲಿ ಲವೋನ್, ಲವೋನ್ ಎಂದು ಕೂಗತೊಡಗಿದರು. ಅವಳಿಗೆ ಕೇಳಿಸುವ ಯಂತ್ರಗಳು ನನ್ನ ಜೇಬಿನಲ್ಲಿದ್ದವು. ಆಗ ಎದ್ದು ಡೆಪ್ಯುಟಿಯವರ ಹತ್ತಿರ ಹೋದೆ. ಅವಳು ಹಳ್ಳದಲ್ಲಿ ಬಿದ್ದು ನಾಲ್ಕು ಗಂಟೆ ಹದಿನೈದು ನಿಮಿಷವಾಗಿತ್ತು. ಅದರಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ ವೆಂಡೆಲಿನ್ ಮಾತಿಗೆ ಹೂಂ ಎಂದ ಮೇಲೆ ನಾನು ಬಾಯಿ ಕಟ್ಟಿಕೊಂಡು ಕೂತದ್ದು.

ವೆಂಡೆಲಿನ್‌ನನ್ನು 6 ಗಂಟೆ 30 ನಿಮಿಷದಿಂದ, ಡೆಪ್ಯುಟಿಯವರೇ, ನಿಮ್ಮ ಕಾರಿನಲ್ಲಿ ಕೂರಿಸಿದ್ದೀರಿ. ಅವನದು ತಪ್ಪಿಲ್ಲ.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದಾರೆ. ಓದಿಸಿ ಕೇಳಿದ್ದೇನೆ, ನಾನು ಕಂಡದ್ದೂ ಮಾಡಿದ್ದೂ ಇದೇ.

ಸ್ಥಳ: ಹಿನ್ನೀರಿನ ಮೇಲಿನ ದಿಬ್ಬ, ಟಾಲ್‌ಬರ್ಗ್ ಕೌಂಟಿ
ದಿನಾಂಕ: 14 ಜೂನ್ 2014, ಶನಿವಾರ, ಸಂಜೆ 7 ಗಂಟೆ 50 ನಿಮಿಷ
ಸಹಿ: ಆರ್ಡೆಲ್ ಹಾಫ್‌ಸ್ಟಾಡ್

ಬರೆದುಕೊಂಡವರು: ಡೆಪ್ಯುಟಿ ಹಾಲ್ವೊರ್‌ಸನ್. ಅಣೆಕಟ್ಟಿನ ಕಡೆಯಿಂದ ವಾಪಸು ಕರೆಸಿದ ಇಪ್ಪತ್ತಾರು ಜನ ಸವಾರರು 8 ಗಂಟೆ 10 ನಿಮಿಷಕ್ಕೆ ಹಳ್ಳದ ಮೇಲಿನ ದಡದಲ್ಲಿ ಸಾಲು ನಿಂತು, ಕುದುರೆಯಿಂದ ಇಳಿದು, ಹತ್ತು ಅಡಿಗೆ ಒಬ್ಬರಂತೆ ನಡೆದು ಹುಡುಕುವರು. ಸೂರ್ಯಾಸ್ತ 9 ಗಂಟೆ 24 ನಿಮಿಷಕ್ಕೆ.