ಬಾಗಲಿಗಿಟ್ಟ ಬಕೀಟು

ಸಿಂಧನೂರಿನ ಆಸ್ಪತ್ರೆಯಲ್ಲಿ ನನ್ನೆದುರು ಕೂತಿದ್ದ ಆಶಾ ಕಾರ್ಯಕರ್ತೆ ಗದ್ದೆಮ್ಮನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಹೊಡೆದ ಅಮರೇಶ ಪಕ್ಕದಲ್ಲೇ ಇದ್ದ, ತೊಡೆಯ ಮೇಲೆ ಜ್ವರದ ಮಗಳು.

“ಹುಳ ತುಂಬಿದ ಬಕೀಟು ನಮ್ಮ ಬಾಗಲಿಗಿಟ್ಟು ಸೊಳ್ಳಿ ಸಾಕಾಕತ್ತಿಯೇನು? ಇನ್ನೊಂದು ಇಟ್ಟರ ಕೊಲ್ತೀನಿ.”

“ಸಾಕಾಕಲ್ಲಲೇ, ಕೊಲ್ಲಾಕ ಇಟ್ಟೀನಿ. ಬಕೀಟಿನ ಒಳಗ ಸುತ್ತಿದ ಬಟ್ಟ್ಯಾಗ ಔಷಧ ಪುಡಿ ಐತಿ. ಮೊಟ್ಟಿ ಇಡಾಕ ಬಂದ ಸೊಳ್ಳಿ ಅದನ್ನ ಕಾಲಿಗೆ ಹಚ್ಚಿಕೊಂಡು, ಮುಂದ ಮೊಟ್ಟಿ ಇಡೂ ನೀರಿಗೆಲ್ಲ ಒಯ್ತೈತಿ. ಬಕೀಟಿನ ಹುಳ, ಅಲ್ಲಿನ ಹುಳ ಎಲ್ಲಾ ಸೊಳ್ಳಿ ಆಗೂ ಮೊದಲ ಸಾಯ್ತಾವ.”

“ತನ್ನ ಮಕ್ಕಳಿಗೆ ತಾನೇ ವಿಷ ಒಯ್ತೈತಾ?”

“ಹೂಂ. ಅಂಥ ಬಕೀಟು ನನ್ನ ಹಣಿಗೆ ಬಡದಿ.”

“ಯಕ್ಕಾ, ಪೊಲೀಸರು ಕೇಳಿದ್ರ?”

“ಜಾರಿ ಬಿದ್ದೆ ಅಂತೀನಿ. ನಾಳೆ ನಿನ್ನ ಬಾಗಲಿಗೆ ಹೊಸಾದು ಇಡ್ತೀನಿ. ಮುಟ್ಟಿದ್ರ ಕೈ ಕಡೀತೀನಿ.”

ನರ್ಸ್ ಅಮರೇಶನ ಮಗಳ ಹೆಸರು ಕೂಗಿದಳು.

“ಎರಡು ಇಡು,” ಎನ್ನುತ್ತ ಅವನು ಮಗಳನ್ನು ಎತ್ತಿಕೊಂಡು ಓಡಿದ.