ಬಲಕ್ಕೆ ತಿರುಗಿದ ಸಿಂಹ

ಸಭೆಯ ಅಧ್ಯಕ್ಷರೇ, ಟಂಕಸಾಲೆಯ ಹಿರಿಯ ಕಿರಿಯ ಕೆಲಸಗಾರರೇ, ಇಂದು ನಿವೃತ್ತರಾಗುತ್ತಿರುವ ಅಚ್ಚು ಕೆತ್ತುವ ಗುನ್‌ವೊರ್ ಅವರೇ, ಕಾಫಿ ಯಾವಾಗ ಬರುವುದೆಂದು ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ನಮ್ಮ ನಾಣ್ಯದ ಸಿಂಹ ಕತ್ತಿ ಹಿಡಿದಿದೆ ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ಅದು ಕತ್ತಿಯಲ್ಲ, ಕೊಡಲಿ. ಸಂತ ಓಲಾವ್ ದೊರೆಯ ಕೊಡಲಿ. ಅಧ್ಯಕ್ಷರು ನನ್ನ ಬಳಿಯೇ ಕಲಿತವರಾದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ನಲವತ್ತು ವರ್ಷ ಈ ಕೊಂಗ್ಸ್‌ಬರ್ಗ್ ಊರಿನ ಮಕ್ಕಳಿಗೆ ಪಾಠ ಹೇಳಿದ್ದೇನೆ. ದೊರೆಯ ಹೆಸರಿನ ಮುದ್ರೆ ಯಾವುದು, ಅದರ ಮೇಲಿನ ಕಿರೀಟ ಹೇಗಿರಬೇಕು, ಸಿಂಹ ಯಾವ ಕಡೆಗೆ ನೋಡಬೇಕು, ಇಷ್ಟನ್ನು ತಿಳಿಯದೆ ಯಾರಾದರೂ ನನ್ನ ತರಗತಿ ದಾಟಿದ್ದುಂಟೆ? ಇಲ್ಲ. ಆದ್ದರಿಂದಲೇ ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು 'ಗುನ್‌ವೊರ್ ಅವರಿಗೆ ಸಿಂಹ ಬಿಡಿಸಲು ಕಲಿಸಿದವರು' ಎಂದು ಅಚ್ಚು ಹಾಕಿಸಿದ್ದೀರಿ. ಆ ವಾಕ್ಯದಲ್ಲಿ ವ್ಯಾಕರಣ ದೋಷವಿಲ್ಲ. ಸತ್ಯವೂ ಇಲ್ಲ. ಅದನ್ನು ಹೇಳದೆ ನಾನು ಈ ವೇದಿಕೆ ಇಳಿಯಲಾರೆ.

ಅರವತ್ನಾಲ್ಕನೆಯ ಇಸವಿಯ ಚಳಿಗಾಲ. ಐದು ಕ್ರೋನರ್ ನಾಣ್ಯದ ಸಿಂಹವನ್ನು ನೆನಪಿನಿಂದ ಬಿಡಿಸಿ ಎಂದೆ. ಇಪ್ಪತ್ತೇಳು ಸಿಂಹಗಳು ಎಡಕ್ಕೆ ನೋಡಿದವು. ಹತ್ತು ವರ್ಷದ ಗುನ್‌ವೊರಳ ಸಿಂಹ ಮಾತ್ರ ಬಲಕ್ಕೆ ನೋಡಿತು. ಅಂಥ ಚೆಂದದ ಸಿಂಹವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದನ್ನು ಹೇಳಿದೆನೆ? ಹೇಳಲಿಲ್ಲ.

"ಏನಮ್ಮಾ, ನಿನ್ನ ಸಿಂಹ ಯುದ್ಧ ಬಿಟ್ಟು ಓಡ್ತಾ ಇದೆಯಾ?" ಎಂದೆ. ತರಗತಿ ನಕ್ಕಿತು.

"ನಮ್ಮನೇಲಿ ಅದು ಹೀಗೇ ನಿಲ್ಲೋದು, ಟೀಚರ್."

"ಹಾಗಾದ್ರೆ ನಿಮ್ಮನೇಲೇ ನಿಂತ್ಕೊಳ್ಳಲಿ." ಕನಿಷ್ಠ ಅಂಕ ಕೊಟ್ಟೆ, ಕೆಂಪು ಶಾಯಿಯಲ್ಲಿ.

ಮರುದಿನ ಊಟದ ಬಿಡುವಿನಲ್ಲಿ ಅವಳ ತಂದೆ ತೋರ್‌ಲೈಫ್ ಬಂದರು. ಅವರೂ ಇಲ್ಲಿಯೇ ಅಚ್ಚು ಕೆತ್ತುತ್ತಿದ್ದವರು. ಮನೆಯಲ್ಲಿ ಕೈ ಪಳಗಿಸಲೆಂದು ಕೆತ್ತಿದ್ದ ಉಕ್ಕಿನ ತುಂಡೊಂದನ್ನು ಜೇಬಿನಿಂದ ತೆಗೆದರು.

"ಟೀಚರಮ್ಮ, ನಿಮ್ಮ ಬುತ್ತಿ ಒಂಚೂರು ಈ ಕಡೆ ಕೊಡ್ತೀರಾ?"

ನನ್ನ ಬ್ರೆಡ್ಡಿನ ಮೇಲಿದ್ದ ಕಂದು ಚೀಸಿಗೆ ಅದನ್ನು ಒತ್ತಿದರು. ಉಕ್ಕಿನಲ್ಲಿ ಬಲಕ್ಕೆ ನೋಡುತ್ತಿದ್ದ ಸಿಂಹ ಚೀಸಿನಲ್ಲಿ ಎಡಕ್ಕೆ ನೋಡುತ್ತಾ ನಿಂತಿತು, ಕಿರೀಟ ಕೊಡಲಿಗಳ ಸಮೇತ.

"ನಮ್ ಹುಡುಗಿ ನಾಣ್ಯ ನೋಡೋಕೆ ಮುಂಚೆ ಅಚ್ಚು ನೋಡಿದೋಳು. ತಪ್ಪು ಅಂತೀರಾ?"

"ನಾನು ಕೇಳಿದ್ದು ನಾಣ್ಯದ ಸಿಂಹ."

"ಸರಿ ಬಿಡಿ. ಚೀಸ್ ಕೆಡಿಸ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ," ಎಂದು ಟೋಪಿ ಹಾಕಿಕೊಂಡು ಹೊರಟರು.

ಸಾಕ್ಷ್ಯ ನನ್ನ ಮುಂದಿತ್ತು. ನಾನೇನು ಮಾಡಿದೆ? ತಿಂದುಬಿಟ್ಟೆ. ಮೊದಲು ತಲೆ, ಆಮೇಲೆ ಕೊಡಲಿ. ಅಂಕ ಹಾಗೆಯೇ ಉಳಿಯಿತು. ಗುನ್‌ವೊರ್ ಆ ವರ್ಷ ಪೂರ್ತಿ ಚಿತ್ರದ ತರಗತಿಯಲ್ಲಿ ಖಾಲಿ ಹಾಳೆಯನ್ನೇ ಒಪ್ಪಿಸಿದಳು. ಆ ಖಾಲಿ ಹಾಳೆಗಳಿಗೆ ಕೆಂಪು ಶಾಯಿ ಹಚ್ಚುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಸಿಂಹ ಕೆತ್ತಲು ಅವಳಿಗೆ ಕಲಿಸಿದವರು ತೋರ್‌ಲೈಫ್. ನಾನು ಕಲಿಸಿದ್ದು ಬಿಡಿಸದಿರುವುದನ್ನು.

ಆ ಸಿಂಹದ ಚಿತ್ರವನ್ನು ಇಷ್ಟು ವರ್ಷ ಕಾಪಾಡಿಟ್ಟಿದ್ದೇನೆ, ಇಂದು ತಂದಿದ್ದೇನೆ. ಕೆಂಪು ಅಂಕಿಯನ್ನು ಹೊಡೆದು ಪಕ್ಕದಲ್ಲಿ ಪೂರ್ಣಾಂಕ ಬರೆದು ಸಹಿ ಹಾಕಿದ್ದೇನೆ. ತಪ್ಪು ನನ್ನದು, ಗುನ್‌ವೊರ್. ಈ ವಾಕ್ಯ ಕಟ್ಟಲು ನನಗೆ ಐವತ್ತೇಳು ವರ್ಷ ಹಿಡಿಯಿತು.

ನಿಮ್ಮ ತಂದೆಯ ಅದೇ ಅಚ್ಚು ಆ ಪ್ರದರ್ಶನದ ಮೇಜಿನ ಮೇಲಿರುವುದನ್ನು ಬರುವಾಗಲೇ ಕಂಡೆ. ನನ್ನ ಚೀಲದಲ್ಲಿ ಬುತ್ತಿಯಿದೆ, ಕಂದು ಚೀಸೂ ಇದೆ. ದಯವಿಟ್ಟು ವೇದಿಕೆಗೆ ಬಂದು ಇಷ್ಟು ಜನರ ಎದುರಿಗೆ ಒತ್ತಿಬಿಡಿ. ಈ ಸಲ ನಾನು ತಿನ್ನುವುದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಕತ್ತಿ ಎಂದ ಅಧ್ಯಕ್ಷರನ್ನೂ ಸೇರಿಸಿ, ವಂದನೆಗಳು. ನಮಸ್ಕಾರ.